ಬೈಟ್ ಫೋರ್ಸ್ ಸೋತಿದ್ದು ಒಂದೇ ಸಲ. ಹಾಗಾದ್ರೆ ಅದೇ ದೊಡ್ಡದಾ?

ಮಂಜು_ಶಿವಮೊಗ್ಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರ್ ಅಲ್ಲ. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ರಾತ್ರಿ ಊಟಕ್ಕೆ ಕೂತರೆ ಜಗಳ. ಅದನ್ನು ಬಿಡಿಸೋಕೆ ಇಲ್ಲಿಗೆ ಬಂದಿದ್ದೇನೆ.

ಮಗ ಎಂಟನೇ ಕ್ಲಾಸು, ಮಗಳು ಆರನೇ ಕ್ಲಾಸು. ಇಬ್ಬರಿಗೂ ಅಮೆರಿಕದ ‘ಬ್ಯಾಟಲ್‌ಬಾಟ್ಸ್’ ಹುಚ್ಚು, ರೋಬೋಟುಗಳು ಕಣದಲ್ಲಿ ಗುದ್ದಾಡುವ ಟಿವಿ ಶೋ ಅದು. ಯೂಟ್ಯೂಬಿನಲ್ಲಿ ತುಣುಕು ತುಣುಕಾಗಿ ನೋಡುತ್ತಾರೆ. ಮೊದಮೊದಲು ನಾನೂ ಬೈದೆ. ಈಗ ನಾನೇ ‘ಮುಂದಿನದು ಹಾಕು’ ಅನ್ನುವ ಹಾಗಾಗಿದೆ.

ಮಗ ಟೂಮ್‌ಸ್ಟೋನ್ ಅನ್ನೋ ರೋಬೋಟಿನ ಪಾರ್ಟಿ. ಒಂದು ದಪ್ಪ ಕಬ್ಬಿಣದ ಪಟ್ಟಿ ನೆಲಕ್ಕೆ ಸಮವಾಗಿ ಗಿರಗಿರ ತಿರುಗುತ್ತೆ, ಸಿಕ್ಕಿದ್ದನ್ನೆಲ್ಲ ಚೂರು ಮಾಡುತ್ತೆ. ಮಗಳು ಬೈಟ್ ಫೋರ್ಸ್ ಪಾರ್ಟಿ. ಅದು 2015, 2018, 2019, ಮೂರು ಸಲ ಚಾಂಪಿಯನ್. ಇಡೀ ಜೀವಮಾನದಲ್ಲಿ ಸೋತಿದ್ದು ಒಂದೇ ಸಲ, 2016ರಲ್ಲಿ, ಚಾಂಪ್ (Chomp) ಅನ್ನೋ ಸುತ್ತಿಗೆ ರೋಬೋಟ್ ಕೈಯಲ್ಲಿ. ಮಗ ಇದನ್ನು ಒಪ್ಪಲ್ಲ. ‘2015ರ ಬೈಟ್ ಫೋರ್ಸೇ ಬೇರೆ, 2018ರದ್ದೇ ಬೇರೆ. ಹೆಸರು ಮಾತ್ರ ಒಂದೇ. ಅದು ಮೋಸ’ ಅಂತಾನೆ. ನೋಡಿದರೆ ಹೌದು, ಎರಡೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿವೆ.

ನಮ್ಮಪ್ಪ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ದಾವಣಗೆರೆ ಕಡೆ ಟಗರು ಕಾಳಗ ನೋಡಿ ಬೆಳೆದವರು. ‘ಕೊಂಬು ಬದಲಿಸಿಕೊಂಡು ಬಂದ ಟಗರನ್ನು ಕಣಕ್ಕೆ ಬಿಡ್ತಾರೇನೋ?’ ಅಂದರು. ಮಗನಿಗೆ ಖುಷಿಯೋ ಖುಷಿ.

ತಿಳಿದವರು ಹೇಳಿ. ಒಂದು, ಬೈಟ್ ಫೋರ್ಸ್ ಅಷ್ಟು ಗೆದ್ದಿದ್ದು ಹೇಗೆ? ನೋಡೋಕೆ ಟೂಮ್‌ಸ್ಟೋನಿನಷ್ಟು ಭಯ ಹುಟ್ಟಿಸಲ್ಲ. ಇನ್ನೊಂದು, ಎಲ್ಲ ಬದಲಾದ ಮೇಲೂ ಅದು ಅದೇ ರೋಬೋಟಾ?

ಗುದ್ದಾಟ_ಗಿರಿ:

ಮಗ ಹೇಳಿದ್ದೇ ಸರಿ ಅಣ್ಣ. 2016ರಲ್ಲಿ ಟೂಮ್‌ಸ್ಟೋನ್ ಫೈನಲ್‌ನಲ್ಲಿ ಬಾಂಬ್‌ಶೆಲ್ ಅನ್ನೋ ರೋಬೋಟಿನ ಕಥೆ ಮುಗಿಸಿತಲ್ಲ, ಆ ಒಂದು ಪಂದ್ಯ ನೋಡಿ ಸಾಕು. ಬೈಟ್ ಫೋರ್ಸ್ ಲೆಕ್ಕದ ಮೇಷ್ಟ್ರು ಇದ್ದ ಹಾಗೆ. ಪಾಸಾಗಬಹುದು, ಆದರೆ ಯಾರು ಸಿಳ್ಳೆ ಹೊಡೀತಾರೆ?

ಪೀಣ್ಯ_ಲೇತ್:

ಮಂಜು ಸಾರ್, ನಾನು ಟಿವಿ ನೋಡಿ ಕಲಿತವನಲ್ಲ. ಪೀಣ್ಯ ಎರಡನೇ ಹಂತದಲ್ಲಿ ಸಣ್ಣದೊಂದು ಮೆಷಿನ್ ಶಾಪ್ ಇಟ್ಟುಕೊಂಡಿದ್ದೇನೆ. ಎರಡು ಲೇತ್, ಒಂದು ಮಿಲ್ಲಿಂಗ್, ಒಂದು ಸೆಕೆಂಡ್ ಹ್ಯಾಂಡ್ ವಿಎಂಸಿ, ಅಂದರೆ ಕಂಪ್ಯೂಟರಿನಲ್ಲಿ ನಡೆಯುವ ಮಿಲ್ಲಿಂಗ್ ಮೆಷಿನ್. ಈ ರೋಬೋಟ್ ಹುಚ್ಚು ನನಗೆ ಹತ್ತಿದ್ದು 2017ರಲ್ಲಿ. ಅದನ್ನು ಹೇಳದೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳೋಕಾಗಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಒಂದು ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗರು ಬಂದರು. ಕೈಯಲ್ಲಿ ಡ್ರಾಯಿಂಗ್. 15 ಕೆಜಿ ಕ್ಲಾಸಿನ ರೋಬೋಟ್, ಅದಕ್ಕೊಂದು ಡ್ರಮ್ ಬೇಕು. ಡ್ರಮ್ ಅಂದರೆ ನೀರಿನ ಡ್ರಮ್ ಅಲ್ಲ. ದಪ್ಪ ಲಟ್ಟಣಿಗೆಯ ಮೇಲೆ ಎರಡು ಹಲ್ಲು ಇಟ್ಟ ಹಾಗೆ. ಅದು ರೋಬೋಟಿನ ಮೂತಿಯಲ್ಲಿ ಕೂತು ಕೆಳಗಿಂದ ಮೇಲಕ್ಕೆ ತಿರುಗುತ್ತೆ. ಎದುರಾಳಿ ಸಿಕ್ಕರೆ ಎತ್ತಿ ಬಿಸಾಕುತ್ತೆ. ಇಎನ್24 ಅನ್ನೋ ಗಟ್ಟಿ ಜಾತಿಯ ಸ್ಟೀಲು ತಂದು ಮಾಡಿಕೊಟ್ಟೆ, ಹಾರ್ಡನಿಂಗಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿಸೋಕೆ, ಕಳಿಸಿದೆ. ಟೆಸ್ಟ್ ಮಾಡೋಣ ಅಂದರು. ನಾನು ಬೇಡ ಅಂದೆ. ಕೊನೆಗೆ ಒಂದು ದಪ್ಪ ತಗಡಿನ ಪೆಟ್ಟಿಗೆ ಒಳಗಿಟ್ಟು, ಮೇಲೆ ಎರಡು ಮರಳಿನ ಮೂಟೆ ಹೇರಿ, ಎಲ್ಲರೂ ಲೇತಿನ ಹಿಂದೆ ಬಗ್ಗಿ ಕೂತು ಸ್ಟಾರ್ಟ್ ಮಾಡಿದೆವು. ಆ ಸದ್ದು ಈಗಲೂ ಕಿವಿಯಲ್ಲಿದೆ ಸಾರ್. ಮೊದಲು ಮಿಕ್ಸಿ ಥರ, ಆಮೇಲೆ ಸಣ್ಣ ಸೈರನ್ ಥರ. ಪಕ್ಕದ ಶೆಡ್ಡಿನವರು ಏನೋ ಆಯ್ತು ಅಂತ ಓಡಿ ಬಂದರು.

ಹುಡುಗರು ಹೊರ ರಾಜ್ಯದ ಒಂದು ಕಾಲೇಜ್ ಫೆಸ್ಟಿಗೆ ಹೋದರು. ರಾತ್ರಿ ಹನ್ನೊಂದಕ್ಕೆ ಫೋನು. ಮೊದಲ ಪಂದ್ಯ ಗೆದ್ದಿದ್ದಾರೆ, ಆದರೆ ಡ್ರಮ್ಮಿನ ಹಲ್ಲು ಮಡಚಿಕೊಂಡಿದೆ. ಫೋಟೋ ಕಳಿಸಿದರು. ಬಾಳೆಹೂವಿನ ಎಸಳಿನ ಹಾಗೆ ಹಿಂದಕ್ಕೆ ಬಗ್ಗಿತ್ತು. ಹಾರ್ಡನ್ ಆದ ಸ್ಟೀಲು ಹಾಗೆ ಬಗ್ಗಲ್ಲ. ಒಡೆದರೆ ಒಡೆಯಬೇಕು. ನನ್ನ ಹತ್ತಿರ ಅದೇ ರಾಡಿನ ತುಂಡು ಉಳಿದಿತ್ತು. ಹುಡುಗರ ಡ್ರಮ್ಮಿನ ಜೊತೆಗೇ ಅದೂ ಹಾರ್ಡನಿಂಗಿಗೆ ಹೋಗಿ ಬಂದಿತ್ತು. ಎದ್ದು ಹೋಗಿ ಅದಕ್ಕೆ ಅರ ಹಾಕಿದೆ. ಜಾರಬೇಕಿತ್ತು, ಕಚ್ಚಿತು. ಇಎನ್24 ಅಂತ ಬಿಲ್ ಹಾಕಿ ಯಾವುದೋ ಮೆದು ಸ್ಟೀಲು ಕೊಟ್ಟಿದ್ದರು. ಅಂಗಡಿ ಹೆಸರು ಬೇಡ. ತಪ್ಪು ನನ್ನದೂ ಇದೆ. ಆ ಅರ ಹಾಕಿ ನೋಡೋ ಕೆಲಸ ಕೊಡುವ ಮುಂಚೆ ಮಾಡಬೇಕಿತ್ತು.

ಸ್ಪೇರ್ ಡ್ರಮ್ ಇರಲಿಲ್ಲ. ಎರಡನೇ ಪಂದ್ಯಕ್ಕೆ ಇಳಿಯಲೇ ಇಲ್ಲ. ರೈಲಿನಲ್ಲಿ ವಾಪಸ್ ಬಂದರು. ನಾನು ದುಡ್ಡು ವಾಪಸ್ ಕೊಡೋಕೆ ಹೋದರೆ ಅದರಲ್ಲೊಬ್ಬ ಹುಡುಗ, ‘ಅಣ್ಣ, ದುಡ್ಡು ಬೇಡ, ಇನ್ನೊಂದು ಡ್ರಮ್ ಮಾಡಿಕೊಡಿ’ ಅಂದ. ಅವತ್ತಿಂದ ಈ ಪಂದ್ಯಗಳನ್ನು ಕೂತು ನೋಡೋಕೆ ಶುರು ಮಾಡಿದೆ. ಯಾರು ಎಷ್ಟು ಜೋರಾಗಿ ಹೊಡೆದರು ಅಂತ ನೋಡಲ್ಲ. ಹೊಡೆದ ಮೇಲೆ ಹೊಡೆದವನಿಗೆ ಏನಾಯ್ತು ಅಂತ ನೋಡುತ್ತೇನೆ.

ಈಗ ಬೈಟ್ ಫೋರ್ಸ್ ವಿಷಯಕ್ಕೆ ಬರೋಣ.

ಬ್ಯಾಟಲ್‌ಬಾಟ್ಸಿನಲ್ಲಿ ಒಂದೊಂದು ರೋಬೋಟು 250 ಪೌಂಡ್ ತನಕ ಇರಬಹುದು, ಅಂದರೆ 113 ಕೆಜಿ. ಎರಡು ಮೂಟೆ ಸಿಮೆಂಟಿನ ಮೇಲೆ ಸ್ವಲ್ಪ. ಕಣ 48 ಅಡಿಗೆ 48 ಅಡಿ. ನಮ್ಮ ಥರ್ಟಿ-ಫಾರ್ಟಿ ಸೈಟು ಎರಡು ಸೇರಿಸಿದಷ್ಟು, ನೆಲ ಪೂರ್ತಿ ಉಕ್ಕು. ಪಂದ್ಯ ಮೂರು ನಿಮಿಷ. ಯಾರಾದರೂ ಅಲ್ಲಾಡದೆ ನಿಂತರೆ ಎಣಿಸಿ ನಾಕ್‌ಔಟ್ ಅಂತಾರೆ. ಇಲ್ಲದಿದ್ದರೆ ಮೂವರು ಜಡ್ಜ್‌ಗಳು ತೀರ್ಪು ಹೇಳುತ್ತಾರೆ.

2015ರ ಬೈಟ್ ಫೋರ್ಸಿಗೆ ತಿರುಗುವ ಆಯುಧವೇ ಇರಲಿಲ್ಲ. ಮುಂದೆ ಇಳಿಜಾರಾದ ದಪ್ಪ ಹಲಗೆ, ಮೇಲೊಂದು ದವಡೆ. ಎದುರಾಳಿಯ ಕೆಳಗೆ ತೂರಿ, ದವಡೆಯಲ್ಲಿ ಅಮುಕಿ, ಎತ್ತಿಕೊಂಡು ಹೋಗೋದು. ಬುಲ್ಡೋಜರ್ ಚೈನಿನ ಥರದ ಪಟ್ಟಿಯ ಮೇಲೆ ಓಡುತ್ತಿತ್ತು. ಆ ಪಟ್ಟಿಯಲ್ಲಿ ಆಯಸ್ಕಾಂತ ಇಟ್ಟಿದ್ದರು. ನೆಲ ಉಕ್ಕಿನದ್ದಲ್ವಾ, ಹಿಡಿದುಕೊಳ್ಳುತ್ತೆ. ತೂಕದ ಮಿತಿ ಮೀರದೇ ನೆಲದ ಮೇಲೆ ಭಾರ ಜಾಸ್ತಿ ಮಾಡುವ ಉಪಾಯ. ಇದನ್ನು ಯೋಚಿಸಿದವನ ಕೈಗೆ ಒಂದು ಕಾಫಿ ಕೊಡಬೇಕು ಅನಿಸಿತು ನನಗೆ.

ಫೈನಲ್‌ನಲ್ಲಿ ಎದುರಿಗೆ ಬಂದಿದ್ದು ಯಾರು? ನಿಮ್ಮ ಮಗನ ಟೂಮ್‌ಸ್ಟೋನೇ. ಅದರ ತಿರುಗುವ ಪಟ್ಟಿಗೆ ಇಳಿಜಾರಿನ ಹಲಗೆ ಕೊಟ್ಟು ನಿಂತಿತು ಬೈಟ್ ಫೋರ್ಸ್. ಗೆದ್ದಿತು. ಮಗನಿಗೆ ಇದನ್ನು ಮೊದಲು ಹೇಳಿ, ಸುಮ್ನೆ ಆಗ್ತಾನೆ.

ಯಾಕೆ ಗೆದ್ದಿತು ಅಂದರೆ, ಇಲ್ಲೇ ನನ್ನ ಇಡೀ ವಾದ ಇರೋದು. ಏಟು ಅನ್ನೋದು ಒಂದೇ ಕಡೆ ಹೋಗಲ್ಲ. ಹೊಡೆದವನಿಗೂ ಅಷ್ಟೇ ವಾಪಸ್ ಬರುತ್ತೆ. ಟೂಮ್‌ಸ್ಟೋನಿನ ಪಟ್ಟಿ ನೆಲಕ್ಕೆ ಸಮವಾಗಿ ತಿರುಗುತ್ತೆ, ಅಡ್ಡಕ್ಕೆ ಹೊಡೆಯುತ್ತೆ. ವಾಪಸ್ ಬಂದ ಏಟು ಅದನ್ನೂ ಅಡ್ಡಕ್ಕೆ ಎಸೆಯುತ್ತೆ. ನಿಧಾನ ಮಾಡಿಕೊಂಡು ನೋಡಿ. ಪ್ರತಿ ದೊಡ್ಡ ಏಟಿಗೂ ಟೂಮ್‌ಸ್ಟೋನ್ ತಾನೇ ಬುಗುರಿ ಥರ ಸುತ್ತಿ ಎಲ್ಲೋ ಹೋಗಿ ಬೀಳುತ್ತೆ. ಅದರ ಬೇರಿಂಗು, ಶಾಫ್ಟು, ಮೋಟರ್ ಬೋಲ್ಟು, ಎಲ್ಲಕ್ಕೂ ಆ ಏಟು ಬಿದ್ದಿರುತ್ತೆ. ಎದುರಾಳಿ ಮೊದಲ ನಿಮಿಷಕ್ಕೇ ಸತ್ತರೆ ಸರಿ. ಸಾಯದೆ ನಿಂತುಬಿಟ್ಟರೆ ತಾನು ಹೊಡೆದ ಏಟಿಗೆ ತಾನೇ ಸವೆಯೋಕೆ ಶುರು.

ಆಮೇಲೆ ಬೈಟ್ ಫೋರ್ಸಿನವರು ಆಯುಧವನ್ನೇ ಬದಲಿಸಿದರು. 2018ಕ್ಕೆ ಬರುವಾಗ ದವಡೆ ಇಲ್ಲ, ಚೈನಿನ ಪಟ್ಟಿ ಹೋಗಿ ಗಾಲಿ ಬಂದಿದೆ, ಮುಂದೆ ನೆಟ್ಟಗೆ ನಿಂತು ತಿರುಗುವ ಬಾರ್. ಇದು ಕೆಳಗಿಂದ ಮೇಲಕ್ಕೆ ಹೊಡೆಯುತ್ತೆ. ಎದುರಾಳಿ ಮೇಲೆ ಹೋದ. ವಾಪಸ್ ಬಂದ ಏಟು ಎಲ್ಲಿಗೆ ಹೋಗಬೇಕು? ಕೆಳಕ್ಕೆ. ಕೆಳಗೆ ಏನಿದೆ? ಉಕ್ಕಿನ ನೆಲ. ಆ ಏಟನ್ನು ನೆಲ ತಡೆದುಕೊಳ್ಳುತ್ತೆ. ಬೈಟ್ ಫೋರ್ಸ್ ನಿಂತ ಜಾಗ ಬಿಟ್ಟು ಜಾಸ್ತಿ ಕದಲಲ್ಲ, ಎದುರಾಳಿ ಬೀಳೋ ಮುಂಚೆ ಮತ್ತೆ ಅವನ ಬುಡಕ್ಕೆ ಹೋಗಿ ನಿಂತಿರುತ್ತೆ.

ಹಾಗಾದರೆ ಎಲ್ಲರೂ ಅದನ್ನೇ ಮಾಡಬಹುದಲ್ವಾ ಅಂದರೆ, ಮಾಡಿದರು. ಈಗ ನೋಡಿ, ಎಲ್ಲೆಲ್ಲೂ ನೆಟ್ಟಗಿನ ಸ್ಪಿನ್ನರುಗಳೇ, ಅಂದರೆ ಹೀಗೆ ನೆಟ್ಟಗೆ ತಿರುಗುವ ಆಯುಧಗಳೇ. ಆದರೆ ಅದಕ್ಕೊಂದು ಕಾಟ ಇದೆ. ನಿಮ್ಮೂರಿನ ವೆಲ್ಡಿಂಗ್ ಶಾಪಿಗೆ ಹೋಗಿ, ಕೇಳಿಕೊಂಡು ಒಂದು ಕೈ ಗ್ರೈಂಡರ್ ಹಿಡಿದುಕೊಳ್ಳಿ. ಆನ್ ಇದ್ದಾಗ ಮಣಿಕಟ್ಟು ಪಟ್ಟನೆ ತಿರುಗಿಸಿ ನೋಡಿ. ತಾನೇ ಬೇರೆ ಕಡೆಗೆ ಎಳೆಯುತ್ತೆ. ತಿರುಗುವ ಭಾರಕ್ಕೆ ದಿಕ್ಕು ಬದಲಿಸೋದು ಇಷ್ಟ ಇಲ್ಲ. ನೆಟ್ಟಗಿನ ಸ್ಪಿನ್ನರ್ ಇರುವ ರೋಬೋಟು ಬೇಗ ಹೊರಳಿದರೆ ಒಂದು ಕಡೆಯ ಗಾಲಿ ಮೇಲೇಳುತ್ತೆ. ಕೆಲವು ರೋಬೋಟು ಒಂಟಿ ಕಾಲಲ್ಲಿ ಕುಣಿಯೋದು ನೋಡಿರುತ್ತೀರಿ. ಬೈಟ್ ಫೋರ್ಸ್ ತುಂಬಾ ಕುಣಿಯುತ್ತಿರಲಿಲ್ಲ. ಬಾರ್ ಎಷ್ಟು ಭಾರ, ಎಷ್ಟು ಎತ್ತರ, ಗಾಲಿ ಎಷ್ಟು ಅಗಲಕ್ಕೆ ಅನ್ನೋ ಲೆಕ್ಕ ಕೂತು ಮಾಡಿದ್ದಾರೆ ಅಂತ ಅದನ್ನು ನೋಡಿದರೇ ಗೊತ್ತಾಗುತ್ತೆ. ಗಿರಿಯವರು ಲೆಕ್ಕದ ಮೇಷ್ಟ್ರು ಅಂದರಲ್ಲ, ಅದು ಬೈಗುಳ ಅಲ್ಲ, ಬಿರುದು.

ಇನ್ನೊಂದು ಸೂಕ್ಷ್ಮ ಇದೆ. ಜಾಸ್ತಿ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಅಂದರೆ ಜಾಸ್ತಿ ಏಟು ಅಂತ ಆ ನಾಲ್ಕು ಹುಡುಗರೂ ನಂಬಿದ್ದರು, ನಾನೂ ನಂಬಿದ್ದೆ. ಜೋರಾಗಿ ತಿರುಗುವ ಫ್ಯಾನಿಗೆ ಕಡ್ಡಿ ತಾಗಿಸಿದರೆ ಟಕಟಕ ಅಂತ ತುದಿ ತಾಗುತ್ತೆ ಅಷ್ಟೇ, ಕಡ್ಡಿ ಒಳಗೆ ಹೋಗಲ್ಲ. ಲೆಕ್ಕ ಹಾಕೋಣ. ರೋಬೋಟು ಸೆಕೆಂಡಿಗೆ 5 ಮೀಟರ್ ನುಗ್ಗುತ್ತಿದೆ ಅನ್ನಿ. ಆಯುಧ ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50. ಎರಡು ಹಲ್ಲಿದ್ದರೆ ಸೆಕೆಂಡಿಗೆ 100 ಸಲ ಹಲ್ಲು ಹಾಯುತ್ತೆ. ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ ಎದುರಾಳಿ 5 ಸೆಂಟಿಮೀಟರ್ ಒಳಗೆ ಬಂದಿರುತ್ತಾನೆ. ಒಂದೇ ಹಲ್ಲಿದ್ದರೆ 10 ಸೆಂಟಿಮೀಟರ್. ಅಷ್ಟು ಆಳಕ್ಕೆ ಕಚ್ಚುತ್ತೆ. ಸುತ್ತು 6000 ಮಾಡಿ, ಕಚ್ಚು ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಜೋರಾಗಿ ನುಗ್ಗೋದೂ ಆಯುಧದ್ದೇ ಒಂದು ಭಾಗ. ದೂರದಲ್ಲಿ ನಿಂತು ಸುಮ್ನೆ ಗಿರಗಿರ ತಿರುಗಿಸಿದರೆ ಜನಕ್ಕೆ ಸದ್ದು, ಬ್ಯಾಟರಿಗೆ ನಷ್ಟ.

ಇನ್ನು ಅದೇ ರೋಬೋಟಾ ಅನ್ನೋ ಪ್ರಶ್ನೆ. ನನ್ನ ಶಾಪಿನಲ್ಲಿ ಒಂದು ಎಚ್‌ಎಂಟಿ ಲೇತ್ ಇದೆ, ನಮ್ಮಪ್ಪ ಹಾಕಿದ್ದು. ಮೋಟರ್ ಎರಡು ಸಲ ಬದಲಾಗಿದೆ. ಚಕ್ ಬದಲಾಗಿದೆ. ಬೆಡ್ ಗ್ರೈಂಡ್ ಮಾಡಿಸಿದ್ದೇನೆ. ಟೂಲ್ ಪೋಸ್ಟ್ ಬೇರೆ. ಇವತ್ತಿಗೂ ನನ್ನ ಹುಡುಗರು ಅದನ್ನು ‘ಅಪ್ಪಾಜಿ ಲೇತ್’ ಅಂತಲೇ ಕರೆಯೋದು. ನಿಮ್ಮಪ್ಪನವರಿಗೆ ಹೇಳಿ, ಟಗರಿಗೆ ಕೊಂಬು ಬದಲಿಸೋಕಾಗಲ್ಲ ನಿಜ. ಆದರೆ ಇಲ್ಲಿ ಕಣಕ್ಕೆ ಇಳಿಯೋದು ಟಗರಲ್ಲ, ಟಗರು ಸಾಕಿದವನು.

ಕಡೂರಿಂದ_ಕ್ಯಾಲಿಫೋರ್ನಿಯಾ:

ಪೀಣ್ಯ ಅಣ್ಣಾ, ಆ ಕೊನೆ ಸಾಲಿಗೆ ನನ್ನದೂ ಒಂದು ಮಾತು ಸೇರಿಸುತ್ತೇನೆ.

ಬೈಟ್ ಫೋರ್ಸ್ ಸಾಕಿದವರು ಪಾಲ್ ವೆಂಟಿಮಿಲಿಯಾ. ಟಿವಿಗೆ ಬರೋ ಮುಂಚೆಯೇ ಒಂದು ಬೇರೆ ಥರದ ಸ್ಪರ್ಧೆ ಗೆದ್ದವರು. ನಾಸಾ ಒಂದು ಸವಾಲು ಇಟ್ಟಿತ್ತು. ಚಂದ್ರನ ಮಣ್ಣಿನ ಥರದ್ದನ್ನು ಅರ್ಧ ಗಂಟೆಯಲ್ಲಿ ಕನಿಷ್ಠ 150 ಕೆಜಿ ಅಗೆದು ಹಾಕಬೇಕು. ವರ್ಷಗಟ್ಟಲೆ ಯಾರೂ ಗೆದ್ದಿರಲಿಲ್ಲ. 2009ರಲ್ಲಿ ಇವರ ತಂಡದ ‘ಮೂನ್‌ರೇಕರ್’ ಗೆದ್ದು 5 ಲಕ್ಷ ಡಾಲರ್ ತಗೊಂಡಿತು. ಮಣ್ಣು ಅಗೆಯುವ ಯಂತ್ರಕ್ಕೂ ಗುದ್ದಾಡುವ ಯಂತ್ರಕ್ಕೂ ಏನು ಸಂಬಂಧ ಅನಿಸಬಹುದು. ಎರಡರಲ್ಲೂ ಮಧ್ಯದಲ್ಲಿ ಕೆಟ್ಟು ನಿಂತರೆ ಆಟ ಮುಗೀತು.

2019ರ ಸೀಸನ್ ಚಿತ್ರೀಕರಣ ಲಾಂಗ್ ಬೀಚಿನಲ್ಲಿ ನಡೆದಾಗ ಟಿಕೆಟ್ ತಗೊಂಡು ಹೋಗಿದ್ದೆ. ನಾನಿರೋದು ಸ್ಯಾನ್ ಹೋಸೆ ಹತ್ತಿರ, ಆರು ಗಂಟೆ ಡ್ರೈವು. ಟಿವಿಯಲ್ಲಿ ಒಂದು ಪಂದ್ಯ ಮುಗಿದ ಕೂಡಲೇ ಇನ್ನೊಂದು ಶುರು. ಅಲ್ಲಿ ಹಾಗಲ್ಲ. ನೆಲ ಗುಡಿಸಬೇಕು, ಚೂರು ಹೆಕ್ಕಬೇಕು, ಹೊಗೆ ಹೋಗಬೇಕು. ಕಾದೂ ಕಾದೂ ಕೂತಿದ್ದೆ, ಪುಳಿಯೋಗರೆ ಡಬ್ಬಿ ಬ್ಯಾಗಿನಲ್ಲೇ ಇತ್ತು, ಒಳಗೆ ತಿನ್ನೋಕೆ ಬಿಡಲಿಲ್ಲ.

ಟಿವಿಯಲ್ಲಿ ಬರದೇ ಇರೋದು ಎದೆಗೆ ಬೀಳೋ ಸದ್ದು. ದಪ್ಪ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಗೋಡೆ ಇದೆ, ಆದರೂ ಏಟು ಬಿದ್ದಾಗ ಕೂತ ಕುರ್ಚಿಗೆ ಗೊತ್ತಾಗುತ್ತೆ. ಒಂದು ಸಲ ಅಂಗೈ ಅಗಲದ ಲೋಹದ ತುಂಡು ಹಾರಿ ಬಂದು ಗೋಡೆಗೆ ಬಡಿಯಿತು. ನನ್ನ ಮುಂದಿನ ಸಾಲಿನವರೆಲ್ಲ ಒಟ್ಟಿಗೆ ತಲೆ ತಗ್ಗಿಸಿದರು, ಗೋಡೆ ಇದೆ ಅಂತ ಗೊತ್ತಿದ್ದೂ. ಆಮೇಲೆ ಎಲ್ಲರೂ ನಕ್ಕರು.

ಇನ್ನೊಂದು ವಿಷಯ. ಹೊರಗೆ ಬಂದು ಯಾರಿಗೂ ಫಲಿತಾಂಶ ಹೇಳುವ ಹಾಗಿಲ್ಲ, ಟಿವಿಯಲ್ಲಿ ಬರೋವರೆಗೆ. ಕಡೂರಿನಲ್ಲಿರುವ ನನ್ನ ತಮ್ಮ ಮೂರು ತಿಂಗಳು ಪೀಡಿಸಿದ. ಹೇಳಲಿಲ್ಲ. ಆ ವರ್ಷದ ಫೈನಲ್‌ನಲ್ಲಿ ಬೈಟ್ ಫೋರ್ಸ್ ವಿಚ್ ಡಾಕ್ಟರನ್ನು ಸೋಲಿಸಿತು. ಹಿಂದಿನ ವರ್ಷ ಬ್ರೆಜಿಲ್‌ನ ಮೈನೋಟಾರನ್ನು. ಎರಡು ವರ್ಷ ಸತತವಾಗಿ ಒಂದೂ ಪಂದ್ಯ ಸೋಲದೇ. 2020ರಿಂದ ಬೈಟ್ ಫೋರ್ಸ್ ಕಣಕ್ಕೆ ಇಳಿದಿಲ್ಲ. ಆ ವರ್ಷ ನ್ಯೂಜಿಲೆಂಡಿನ ಎಂಡ್ ಗೇಮ್ ಗೆದ್ದಿತು. ಅದೂ ನೆಟ್ಟಗಿನ ಸ್ಪಿನ್ನರೇ.

ರೇಖಾ_ಮೆಕ್ಯಾನಿಕಲ್:

ನಾನು ಕಾಲೇಜಿನಲ್ಲಿ ರೋಬೋವಾರ್ ಟೀಮಿನಲ್ಲಿದ್ದೆ. ವೈರಿಂಗ್ ನನ್ನದು. ಪೀಣ್ಯ ಅಣ್ಣನ ಮಾತು ಮುಕ್ಕಾಲು ಪಾಲು ಒಪ್ಪುತ್ತೇನೆ, ಕಾಲು ಪಾಲು ಇಲ್ಲ.

ಟೂಮ್‌ಸ್ಟೋನ್ ತನ್ನ ಏಟಿಗೆ ತಾನೇ ಸವೆಯುತ್ತೆ ಅಂದಿರಿ. ಸರಿ. ಆದರೆ ಅದನ್ನು ಕಟ್ಟಿದ ರೇ ಬಿಲ್ಲಿಂಗ್ಸ್‌ಗೆ ಅದು ಗೊತ್ತಿಲ್ಲದೆ ಅಲ್ಲ. ತೂಕದ ದೊಡ್ಡ ಪಾಲನ್ನು ಆ ಪಟ್ಟಿಗೇ ಸುರಿದಿದ್ದಾರೆ. ಅಷ್ಟು ಭಾರ ಅಲ್ಲಿಗೆ ಕೊಟ್ಟರೆ ಕವಚಕ್ಕೆ ಏನೂ ಉಳಿಯಲ್ಲ. ಬೇಕು ಅಂತಲೇ ಮಾಡಿದ್ದು ಅದು. ‘ನೀನು ನನ್ನನ್ನು ಮುಟ್ಟೋ ಮುಂಚೆ ನೀನಿರಲ್ಲ’ ಅನ್ನೋ ವಿನ್ಯಾಸ. 2015ರ ಫೈನಲ್ ಸೋತು, ಮುಂದಿನ ವರ್ಷ ಅದೇ ಪಟ್ಟಿ, ಅದೇ ಆಕಾರ ಇಟ್ಟುಕೊಂಡು ಬಂದು ಚಾಂಪಿಯನ್ ಆದರು. ಬೈಟ್ ಫೋರ್ಸ್ ಎಲ್ಲ ಬದಲಿಸಿ ಗೆದ್ದಿತು, ಟೂಮ್‌ಸ್ಟೋನ್ ಏನೂ ಬದಲಿಸದೇ ಗೆದ್ದಿತು. ಮಂಜು ಸಾರ್ ಮಗನಿಗೆ ಇಷ್ಟ ಆಗಿರೋದು ಈ ಹಟ ಇರಬೇಕು.

ನೆಟ್ಟಗಿನ ಸ್ಪಿನ್ನರೇ ಕೊನೆ ಮಾತು ಅನ್ನೋದನ್ನೂ ಒಪ್ಪಲ್ಲ. ಕಾಮಿಡಿ ಸೆಂಟ್ರಲ್ ಚಾನೆಲ್ಲಿನಲ್ಲಿ ಈ ಶೋ ಬರುತ್ತಿದ್ದ ಕಾಲಕ್ಕೆ, ಅಂದರೆ 2000ದ ಆಸುಪಾಸಿಗೆ, ಕಾರ್ಲೋ ಬರ್ಟೊಕಿನಿಯ ಬಯೋಹಜಾರ್ಡ್ ಅಂತ ಇತ್ತು. ನಾಲ್ಕು ಇಂಚು ಎತ್ತರ ಅಷ್ಟೇ. ಮಣೆ ಥರ. ಒಳಗಿಂದ ಒಂದು ಕೈ ನಿಧಾನಕ್ಕೆ ಮೇಲೆ ಬರುತ್ತೆ, ಎದುರಾಳಿಯನ್ನು ದೋಸೆ ಥರ ಮಗುಚುತ್ತೆ. ಅದರಲ್ಲೇ ಎಷ್ಟೋ ಸಲ ಚಾಂಪಿಯನ್. ಒಂದೊಂದು ಕಾಲಕ್ಕೆ ಒಂದೊಂದು ಗೆಲ್ಲುತ್ತೆ. ಕಡಿಮೆ ತೂಕಕ್ಕೆ ಜಾಸ್ತಿ ಶಕ್ತಿ ಕೊಡುವ ಬ್ರಷ್‌ಲೆಸ್ ಮೋಟರು, ಲಿಥಿಯಂ ಬ್ಯಾಟರಿ ಅಗ್ಗ ಆದ ಮೇಲೆ ಸ್ಪಿನ್ನರುಗಳ ಕಾಲ ಬಂತು.

ಚಾಂಪ್ ಕೈಯಲ್ಲಿ ಸೋತಿದ್ದರ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಬಹಳ ಇಷ್ಟದ ಪಂದ್ಯ ಅದು. ಚಾಂಪ್ ತಂಡದ ನಾಯಕಿ ಜೋಯಿ ಸ್ಟೀಫನ್ಸನ್. ಹಿಂದಿನ ವರ್ಷದ ಚಾಂಪಿಯನ್ ಎದುರಿಗಿದ್ದಾಗ ಯಾರೂ ಚಾಂಪ್ ಮೇಲೆ ನಂಬಿಕೆ ಇಟ್ಟಿರಲಿಲ್ಲ. ಮೂರು ನಿಮಿಷ ಪೂರ್ತಿ ನಡೆಯಿತು, ಜಡ್ಜ್‌ಗಳು ಚಾಂಪ್ ಅಂದರು. ಅಂದರೆ ಬೈಟ್ ಫೋರ್ಸನ್ನು ನಾಕ್‌ಔಟ್ ಮಾಡಿದವರು ಯಾರೂ ಇಲ್ಲ. ಮಗಳ ಕಡೆಗೆ ಇದೊಂದು ಪಾಯಿಂಟ್. ಈಗಿನ ನಿಯಮದಲ್ಲಿ ಒಬ್ಬ ಜಡ್ಜ್ ಕೈಯಲ್ಲಿ 11 ಅಂಕ ಇರುತ್ತೆ. ಹಾನಿಗೆ 5, ನುಗ್ಗಿ ಆಡಿದ್ದಕ್ಕೆ 3, ಹಿಡಿತಕ್ಕೆ 3. ಮನೆಯಲ್ಲಿ ಇಬ್ಬರು ಮಕ್ಕಳಿಗೂ ಒಂದೊಂದು ಹಾಳೆ ಕೊಟ್ಟು ಆ ಪಂದ್ಯಕ್ಕೆ ಅಂಕ ಹಾಕಿಸಿ. ಜಗಳ ನಿಲ್ಲಲ್ಲ, ಆದರೆ ಅಂಕಿಅಂಶದ ಜಗಳ ಆಗುತ್ತೆ.

ಮೈನೋಟಾರ್ ಹೆಸರು ಬಂತಲ್ಲ, ಅದರ ತಂಡ ರಿಯೋ ಡಿ ಜನೈರೋದ ಒಂದು ವಿಶ್ವವಿದ್ಯಾಲಯದ್ದು, ರಿಯೋಬಾಟ್ಸ್ ಅಂತ. ಅವರ ಪ್ರೊಫೆಸರ್ ತಾವು ಕಲಿತಿದ್ದೆಲ್ಲ ನೂರಾರು ಪುಟ ಬರೆದು ಇಂಟರ್‌ನೆಟ್ಟಿನಲ್ಲಿ ಫ್ರೀ ಹಾಕಿದ್ದಾರೆ. ನಮ್ಮ ಹಾಸ್ಟೆಲಿನಲ್ಲಿ ಅದರ ಜೆರಾಕ್ಸ್ ಇತ್ತು, ಕೈ ಬದಲಾಗಿ ಬದಲಾಗಿ ಮೊದಲ ಹತ್ತು ಪುಟ ಮಾಯ. ಪೀಣ್ಯ ಅಣ್ಣ ಹೇಳಿದ ಹಲ್ಲಿನ ಕಚ್ಚಿನ ಲೆಕ್ಕ ನಾನು ಕಲಿತಿದ್ದು ಅಲ್ಲೇ.

ಪೀಣ್ಯ_ಲೇತ್:

ರೇಖಾ ಮೇಡಂ, ಆ ಕಾಲು ಪಾಲು ನಿಮಗೇ ಇರಲಿ. ನನಗೂ ಆ ಜೆರಾಕ್ಸ್ ತೋರಿಸಿದ್ದು ಅದೇ ನಾಲ್ಕು ಹುಡುಗರು. ಇಂಗ್ಲಿಷ್ ಅರ್ಧ ಅರ್ಥ ಆಗಲಿಲ್ಲ, ಚಿತ್ರ ಪೂರ್ತಿ ಅರ್ಥ ಆಯ್ತು.

ಅಂದಹಾಗೆ ಎರಡನೇ ಡ್ರಮ್ ಮಾಡಿಕೊಟ್ಟೆ. ಈ ಸಲ ಅರ ಹಾಕಿ ನೋಡಿಯೇ ಕೊಟ್ಟೆ. ಒಂದಲ್ಲ, ಎರಡು. ಮುಂದಿನ ವರ್ಷ ಸೆಮಿಫೈನಲ್ ತನಕ ಹೋದರು. ಅಲ್ಲಿ ಬ್ಯಾಟರಿಯ ವೈರ್ ಬಿಟ್ಟುಕೊಂಡಿತು. ವೈರಿಂಗ್ ಮಾಡಿದವರು ನೀವಲ್ಲ ತಾನೇ?

ರೇಖಾ_ಮೆಕ್ಯಾನಿಕಲ್:

ಅಲ್ಲ ಅಣ್ಣ! ನನ್ನ ವೈರು ಯಾವತ್ತೂ ಬಿಟ್ಟಿಲ್ಲ. ಫ್ಯೂಸ್ ಹಾಕೋದು ಮರೆತಿದ್ದೆ, ಅದು ಬೇರೆ ಕಥೆ.

ಮಂಜು_ಶಿವಮೊಗ್ಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಮೊಬೈಲಿನಲ್ಲಿ ಎಲ್ಲವನ್ನೂ ಜೋರಾಗಿ ಓದಿ ಹೇಳಿದೆ. 2015ರ ಫೈನಲ್ ವಿಷಯ ಬಂದಾಗ ಮಗಳು ಎದ್ದು ನಿಂತು ಕುಣಿದಳು. ಮಗ ರೇಖಾ ಮೇಡಂ ಬರೆದಿದ್ದನ್ನು ಮಾತ್ರ ಎರಡು ಸಲ ಓದಿಸಿದ.

ಅಂಕ ಹಾಕಿಸಿದೆ. ಚಾಂಪ್ ಪಂದ್ಯಕ್ಕೆ ಮಗಳು ಬೈಟ್ ಫೋರ್ಸಿಗೆ 8, ಚಾಂಪ್‌ಗೆ 3. ಮಗ ಚಾಂಪ್‌ಗೆ 11ಕ್ಕೆ 11, ಬೈಟ್ ಫೋರ್ಸಿಗೆ ಸೊನ್ನೆ. ಇದು ತೀರ್ಪಾ, ದ್ವೇಷಾನಾ ಅಂದೆ. ‘ಜಡ್ಜನ್ನು ಪ್ರಶ್ನೆ ಮಾಡಬಾರದು’ ಅಂದ.

ಅಪ್ಪನಿಗೆ ಪೀಣ್ಯದವರ ಮಾತು ಹೇಳಿದೆ, ಕಣಕ್ಕೆ ಇಳಿಯೋದು ಟಗರು ಸಾಕಿದವನು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಂಗಾದ್ರೆ ಏಟೂ ಅವನೇ ತಿನ್ನಬೇಕಿತ್ತಲ್ಲ’ ಅಂದು ತಟ್ಟೆ ತೊಳೆಯೋಕೆ ಎದ್ದು ಹೋದರು.

ಈಗ ಹೊಸ ತಲೆನೋವು. ಇಬ್ಬರೂ ಸೇರಿ ಒಂದು ಪುಟ್ಟ ರೋಬೋಟ್ ಮಾಡಬೇಕಂತೆ. 150 ಗ್ರಾಮಿನ ಕ್ಲಾಸೂ ಇದೆಯಂತೆ, ಅಂಗೈ ಮೇಲೆ ಕೂರುವಷ್ಟು. ಬ್ಯಾಟರಿ ಯಾವುದು ತಗೊಳ್ಳಲಿ? ಲಿಥಿಯಂ ಬೆಂಕಿ ಹತ್ತಿಕೊಳ್ಳುತ್ತೆ ಅಂತ ಕೇಳಿ ಹೆಂಡತಿ ಈಗಾಗಲೇ ಬೇಡ ಅಂದಿದ್ದಾಳೆ.

ರೇಖಾ_ಮೆಕ್ಯಾನಿಕಲ್:

ಮನೆಯವರು ಹೇಳಿದ್ದರಲ್ಲಿ ಅರ್ಥ ಇದೆ ಸಾರ್. ಮೊದಲನೆಯದಕ್ಕೆ ತಿರುಗುವ ಆಯುಧ ಬೇಡವೇ ಬೇಡ. ಇಳಿಜಾರಿನ ಹಲಗೆ, ಎರಡು ಗೇರ್ ಮೋಟರ್, ಅಷ್ಟೇ. 2015ರ ಬೈಟ್ ಫೋರ್ಸ್ ಥರ. ಲಿಥಿಯಂ ತಗೊಂಡರೆ ಅದಕ್ಕೆ ಅಂತಲೇ ಇರುವ ಚಾರ್ಜರಿನಲ್ಲೇ ಚಾರ್ಜ್ ಮಾಡಿ. ಮಣ್ಣಿನ ಕುಂಡದಲ್ಲೋ ಕಲ್ಲಿನ ಮೇಲೋ ಇಟ್ಟು, ಎದುರಿಗೆ ಕೂತು. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಮುಟ್ಟಬೇಡಿ. ಆಫ್ ಮಾಡೋ ಸ್ವಿಚ್ಚು ಹೊರಗಡೆ ಕೈಗೆ ಸಿಗೋ ಹಾಗೆ ಇರಲಿ.

ಪೀಣ್ಯ_ಲೇತ್:

ಹಲಗೆಗೆ ಒಂದೂವರೆ ಎಂಎಂ ಅಲ್ಯೂಮಿನಿಯಂ ಸಾಕು. ಅಳತೆ ಕಳಿಸಿ, ಸ್ಕ್ರ್ಯಾಪಿನಲ್ಲಿ ಇದೆ, ಬಗ್ಗಿಸಿ ಕೊರಿಯರ್ ಮಾಡುತ್ತೇನೆ. ದುಡ್ಡು ಬೇಡ. ಎರಡು ಕಳಿಸುತ್ತೇನೆ, ಒಂದು ಸ್ಪೇರು.